ಗಿಟಾರ್ ಬೆರಳಿಗೆ ಕುದುರಿದ ಸಂಬಂಧ

ತಪ್ಪೆಲ್ಲ ಹೊನ್ನಾಳಿಯ ಆ ಹುಡುಗಿಯದು. ನೋಡಲು ಬಂದ ಗಂಡಿಗೆ ಉಪ್ಪಿಟ್ಟು ಕೊಟ್ಟು, ಕಾಫಿ ಕೊಟ್ಟು, ಬೇಕೆಂದೋ ಬೇಡವೆಂದೋ ಆಮೇಲೆ ಹೇಳಿ ಕಳಿಸಿದ್ದರೆ ಆಗುತ್ತಿತ್ತು. ಅದು ಬಿಟ್ಟು ಎದುರಿಗೇ ಕೂತು, "ನಿಮ್ಮ ಹವ್ಯಾಸ ಏನ್ರಿ?" ಎಂದು ಕೇಳಿಬಿಟ್ಟಳು. ನ್ಯಾಮತಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಗುರುಬಸವರಾಜ ಯೂರಿಯಾ, ಪೊಟ್ಯಾಷ್, ಡಿಎಪಿ ಬಗ್ಗೆ ಏನು ಕೇಳಿದರೂ ಥಟ್ಟನೆ ಹೇಳುವವನು. ಈ ಪ್ರಶ್ನೆಗೆ ಮಾತ್ರ ಬಾಯಲ್ಲಿದ್ದ ಉಪ್ಪಿಟ್ಟನ್ನು ನುಂಗಿ, "ಊಟ" ಎಂದ. (ಸುಳ್ಳೇನಲ್ಲ. ಆದರೆ ನಿಜವನ್ನೆಲ್ಲ ಹೆಣ್ಣಿನ ಮನೆಯಲ್ಲಿ ಹೇಳಬೇಕೆಂದು ಯಾವ ಶಾಸ್ತ್ರದಲ್ಲಿದೆ?)

ಅದು ಅವನು ತಿಂದ ಹತ್ತನೇ ಮನೆಯ ಉಪ್ಪಿಟ್ಟು. ವಯಸ್ಸು ಮೂವತ್ತಮೂರು. ತಾಯಿ ನಿರ್ಮಲಮ್ಮ ಹೊನ್ನಾಳಿಯಿಂದ ನ್ಯಾಮತಿ ಬರುವವರೆಗೂ ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ. ಮನೆ ಹೊಸ್ತಿಲು ದಾಟಿದ ಮೇಲೆ ಅಷ್ಟೂ ಮಾತನ್ನು ಒಟ್ಟಿಗೇ ಆಡಿದರು.

"ಊಟ ಅಂತ ಊಟ! ಓದೋದು ಅನ್ನಬಾರದಿತ್ತೇನೋ? ಕ್ರಿಕೆಟ್ಟು ಅಂದಿದ್ರೆ ನಾಲಿಗೆ ಸವೀತಿತ್ತೇನು?"

"ಓದೋದು ಅಂದ್ರೆ ಏನು ಓದ್ತೀರಿ ಅಂತ ಕೇಳ್ತಿದ್ಲಮ್ಮ. ಗೊಬ್ಬರದ ಚೀಲ ಓದ್ತೀನಿ ಅನ್ನಲೇನು?"

ಈ ಸಂಬಂಧಗಳನ್ನೆಲ್ಲ ತರುತ್ತಿದ್ದವರು ಸಾಸ್ವೆಹಳ್ಳಿಯ ಸಣ್ಣಪ್ಪ. ಕಂಕುಳಲ್ಲಿ ಒಂದು ಚೀಲ, ಚೀಲದಲ್ಲಿ ಜಿಲ್ಲೆಯ ಸಮಸ್ತ ಅವಿವಾಹಿತರ ಫೋಟೋ. ಅವರು ತಮ್ಮ ತೀರ್ಪು ಕೊಟ್ಟರು: "ಈಗಿನ ಹುಡ್ಗೇರು ಹಾಬಿ ಕೇಳ್ತಾರೆ ಕಣಮ್ಮ. ಬಯೋಡೇಟಾದಾಗೆ ಆ ಜಾಗ ಖಾಲಿ ಬಿಟ್ರೆ ಅರ್ಜಿ ವಜಾ ಆದಂಗೆ."

ನಿರ್ಮಲಮ್ಮ ಅಲ್ಲೇ ಪೆನ್ನು ತೆಗೆದುಕೊಂಡು, ಟೀವಿಯಲ್ಲಿ ಆಗಷ್ಟೇ ನೋಡಿದ್ದ ಗುಂಗುರು ಕೂದಲಿನ ಹುಡುಗನನ್ನು ನೆನೆದು, 'ಗಿಟಾರ್ ವಾದನ' ಎಂದು ದುಂಡಗೆ ಬರೆದರು. ಆ ಹೊತ್ತಿಗೆ ಮನೆಯಲ್ಲಿ ಗಿಟಾರ್ ಇರಲಿಲ್ಲ. ಗುಂಗುರು ಕೂದಲೂ ಇರಲಿಲ್ಲ. ಗಿಟಾರ್ ನಾಲ್ಕನೇ ದಿನ ಕೊರಿಯರಿನಲ್ಲಿ ಬಂತು.

ಕಲಿಸುವವರು ಯಾರು? ನ್ಯಾಮತಿಯಲ್ಲಿ ಭಜನೆ ಕಲಿಸುವವರಿದ್ದಾರೆ, ಡೊಳ್ಳು ಕಲಿಸುವವರಿದ್ದಾರೆ. ಗಿಟಾರಿಗೆ ಮೊಬೈಲೇ ಗತಿ. "ಹಾಯ್ ಫ್ರೆಂಡ್ಸ್! ನಲವತ್ತು ಪಾಠ, ನಲವತ್ತು ದಿನ, ನೀವೇ ಸ್ಟಾರ್!" ಎಂದು ನಗುವ ಒಬ್ಬ ಮೇಷ್ಟ್ರು ಅವನಿಗೆ ಸಿಕ್ಕಿದರು. ಗುರುಬಸವರಾಜ ಮೊಬೈಲಿಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಗುರುವಿಗೆ ಕೈಮುಗಿದು ಶುರು ಮಾಡಿದ. ಕೈಮುಗಿಯುವಾಗಲೇ ಮಂಡಿನೋವಿನ ಎಣ್ಣೆಯ ಜಾಹೀರಾತು ಬಂದದ್ದರಿಂದ ಆ ನಮಸ್ಕಾರ ಎಣ್ಣೆಗೆ ಸಂದಿತು.

ಮನೆಯಲ್ಲಿ ಕಲಿಯೋಣವೆಂದರೆ ನಿರ್ಮಲಮ್ಮನೇ ಮೊದಲ ವಿರೋಧಿ.

"ಹಿತ್ತಲಾಗೆ ಎಮ್ಮೆ ಸೊರ ಬಿಡ್ತಿಲ್ಲ ಕಣೋ, ಒಂದು ತೊಟ್ಟು ಹಾಲಿಲ್ಲ. ಆಚೆ ಹೋಗಿ ಬಾರಿಸು."

"ಗಿಟಾರು ಅಂತ ಬರೆದೋರು ಯಾರಮ್ಮ?"

"ಬರೆದಿದ್ದು ನಾನು, ನಿಜ. ಕೇಳ್ತೀನಿ ಅಂತ ಎಲ್ಲಾದ್ರೂ ಬರೆದಿದ್ನೇನು?"

ಹೀಗಾಗಿ ಸಂಗೀತ ವಿದ್ಯಾಪೀಠ ಅಂಗಡಿಯ ಹಿಂದಿನ ಗೋದಾಮಿಗೆ ಸ್ಥಳಾಂತರಗೊಂಡಿತು. ಯೂರಿಯಾ ಚೀಲದ ಮೇಲೆ ಆಸನ, ಪೊಟ್ಯಾಷ್ ಚೀಲಕ್ಕೆ ಒರಗಿಸಿದ ಮೊಬೈಲು. ಗೊಬ್ಬರಕ್ಕೆ ಬಂದ ರೈತರು ಬಾಗಿಲಲ್ಲಿ ಇಣುಕಿ, "ಅಣ್ಣಾ, ಒಳಗೆ ತಗಡು ಕುಯ್ಯಾಕತ್ತೀರೇನು? ಆಮೇಲೆ ಬರ್ತೀವಿ ಬಿಡ್ರಿ" ಎಂದು ಹೋಗುತ್ತಿದ್ದರು. ನಲವತ್ತು ದಿನ ಹೋಗಿ ಮೂರು ತಿಂಗಳಾದರೂ ನಮ್ಮ ಶಿಷ್ಯ ಏಳನೇ ಪಾಠದಲ್ಲೇ ಇದ್ದ. ಅಲ್ಲಿ 'ಎಫ್' ಎಂಬ ಒಂದು ಕಾರ್ಡು, ಅಂದರೆ ಹಲವು ಸ್ವರ ಒಟ್ಟಿಗೇ ನುಡಿಸುವ ಪಟ್ಟು, ಬರುತ್ತದೆ. ತೋರುಬೆರಳೊಂದರಿಂದಲೇ ಆರೂ ತಂತಿ ಅದುಮಿ ಹಿಡಿದು, ಉಳಿದ ಬೆರಳುಗಳನ್ನು ಬೇರೆ ಬೇರೆ ಕಡೆ ಚಾಚಬೇಕು. ಗುರುಬಸವರಾಜ ಅದುಮಿದರೆ ಬರುತ್ತಿದ್ದದ್ದು ಟಪ್ ಟಪ್ ಎಂಬ ಶಬ್ದ ಮಾತ್ರ.

ಆದರೆ ಒಂದು ಸಾಧನೆ ಆಗಿತ್ತು. "ಬೆರಳ ತುದಿ ಜಡ್ಡುಗಟ್ಟಿತಾ? ಕಂಗ್ರಾಟ್ಸ್, ನೀವೀಗ ನಿಜವಾದ ಗಿಟಾರಿಸ್ಟ್!" ಎಂದು ಮೇಷ್ಟ್ರು ಐದನೇ ಪಾಠದಲ್ಲೇ ಸಾರಿದ್ದರು. ಗುರುಬಸವರಾಜನ ಎಡಗೈಯ ಬೆರಳ ತುದಿಗಳು ನಿಜಕ್ಕೂ ಗಟ್ಟಿಯಾಗಿದ್ದವು. ಅವನು ಗಲ್ಲಾದಲ್ಲಿ ಕೂತಾಗೆಲ್ಲ ಅವನ್ನು ಮೇಜಿಗೆ ಕುಟ್ಟಿ ಸದ್ದು ಕೇಳಿ ಸಂತೋಷಪಡುತ್ತಿದ್ದ. ರಾಗ ಬಾರದಿದ್ದರೂ ರಾಗದ ಗಾಯ ಬಂದಿತ್ತಲ್ಲ.

ಅಷ್ಟರಲ್ಲಿ ಸಣ್ಣಪ್ಪ ಹನ್ನೊಂದನೇ ಸಂಬಂಧ ತಂದರು. ಚನ್ನಗಿರಿ ಹತ್ತಿರದ ಕತ್ತಲಗೆರೆ, ಹಾಲಸ್ವಾಮಿಯವರ ಮಗಳು ಸಂಧ್ಯಾರಾಣಿ, ಬಿ.ಎಡ್. ಓದಿ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಫೋಟೋ ನೋಡಿದ ಗುರುಬಸವರಾಜ ಅದನ್ನು ಸಣ್ಣಪ್ಪನ ಚೀಲಕ್ಕೆ ವಾಪಸು ಕೊಡಲೇ ಇಲ್ಲ. ಈ ಹುಡುಗಿ ಒಲ್ಲೆ ಅಂದರೆ ತನಗೆ ಇನ್ನು ಮದುವೆಯೇ ಬೇಡ ಎಂದು ಅವನು ಗಟ್ಟಿಯಾಗಿ ತೀರ್ಮಾನಿಸಿದ. ಉಪ್ಪಿಟ್ಟಿನ ವಿಷಯದಲ್ಲೂ ಅವನಿಗೆ ವೈರಾಗ್ಯ ಬರತೊಡಗಿತ್ತು.

ಕತ್ತಲಗೆರೆಗೆ ಹೊರಟಾಗ ಗಿಟಾರನ್ನು ಡಿಕ್ಕಿಯಲ್ಲಿ ಮಲಗಿಸಿ ಮೇಲೊಂದು ಟವೆಲ್ ಹೊದಿಸಿದ. ಸಣ್ಣಪ್ಪ ಎಚ್ಚರಿಸಿದರು: "ಅವರಾಗಿ ಕೇಳಾಕೆ ಬಿಡು. ಕೇಳಿದ ಮ್ಯಾಲೆ ತೆಗಿ. ಮೂರು ನಿಮಿಷಕ್ಕಿಂತ ಜಾಸ್ತಿ ಬಾರಿಸಬ್ಯಾಡ."

"ನಂಗೆ ಬರೋದೇ ಎರಡು ನಿಮಿಷ ಕಣ್ರೀ."

ಹಾಲಸ್ವಾಮಿಯವರ ಮನೆಯಂಗಳದ ತುಂಬ ಅಡಿಕೆ. ಒಂದು ಕಡೆ ಸಾಲಾಗಿ ಕೂತ ಹೆಂಗಸರು ಮಣೆಗತ್ತಿಯ ಮೇಲೆ ಕಾಯಿ ಒತ್ತಿ ಸಿಪ್ಪೆ ಸುಲಿಯುತ್ತಿದ್ದರು. ಆ ಸಾಲಿನ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಆಳುತ್ತಿದ್ದವರು ಹಾಲಸ್ವಾಮಿಯವರ ತಾಯಿ, ಉಚ್ಚಂಗೆಮ್ಮಜ್ಜಿ. ಮನೆಯಲ್ಲಿ ಅಜ್ಜಿಯ ಮಾತೇ ಮಾತು. ಸುಲಿಯಲು ಬರುವವರನ್ನು ಅಜ್ಜಿ ನಲವತ್ತು ವರ್ಷದಿಂದ ಆರಿಸುತ್ತಿದ್ದ ಕ್ರಮ ಒಂದೇ. ಹೆಸರು, ಊರು ಆಮೇಲೆ, ಮೊದಲು ಕೈ ಮುಟ್ಟಿ ನೋಡುವುದು. ಗಂಡು ನೋಡುವುದಕ್ಕೂ ಅವರು ಬೇರೆ ಕ್ರಮ ಇಟ್ಟುಕೊಂಡಿರಲಿಲ್ಲ.

"ಬಾ ತಮ್ಮಾ ಇಲ್ಲಿ. ಎಡಗೈ ಕೊಡು."

ಅಜ್ಜಿ ಒಂದೊಂದೇ ಬೆರಳ ತುದಿಯನ್ನು ಹೆಬ್ಬೆರಳಿನಿಂದ ತಿಕ್ಕಿದರು. ಮತ್ತೊಮ್ಮೆ ತಿಕ್ಕಿದರು. ಮುಖ ಅರಳಿತು.

"ಹಾಲಸ್ವಾಮೀ, ಬಾರೋ ಇಲ್ಲಿ! ಹುಡ್ಗ ಅಡಿಕೆ ಸುಲಿಯೋನು ಕಣೋ! ಅಂಗಡಿ ಇಟ್ಟೋನ ಅಂಗೈ ಮೆತ್ತಗೇ ಐತೆ, ಆದ್ರೆ ಬೆರಳು ನೋಡು, ಕಾಯಿ ಹಿಡಿದು ಹಿಡಿದು ಜಡ್ಡುಗಟ್ಟೈತೆ. ಗಂಡಸಾಗಿ ಕೂತು ಸುಲೀತಾನಂದ್ರೆ ಎಂಥ ಮನೆತನ!"

ನಿರ್ಮಲಮ್ಮನ ಮುಖ ಬಿಳಿಚಿತು. "ನಮ್ಮ ಹುಡ್ಗ ಯಾವತ್ತೂ..." ಎಂದು ಶುರು ಮಾಡಿದ್ದೇ ಸಣ್ಣಪ್ಪ ಜೋರಾಗಿ ಕೆಮ್ಮಿದರು. ಗುರುಬಸವರಾಜನೂ ಬಾಯಿ ತೆರೆದ. ಡಿಕ್ಕಿಯಲ್ಲಿ ಸಾಕ್ಷಿ ಮಲಗಿದೆ, ಓಡಿಹೋಗಿ ತಂದರೆ ಸತ್ಯ ಗೊತ್ತಾಗುತ್ತದೆ ಎಂದುಕೊಂಡ.

ಅಜ್ಜಿ ಕೈ ಬಿಡದೇ ಮುಂದುವರಿಸಿದರು: "ನಿಜ ಹೇಳ್ತೀನಿ ತಮ್ಮಾ, ನಿನ್ನ ಕಾಗದದಾಗೆ ಅದೇನೋ ಗಿಟಾರು ಅಂತ ಬರೆದಿದ್ರಂತೆ. ಅದನ್ನ ಕೇಳಿ ನಾನು ಈ ಸಂಬಂಧನೇ ಬ್ಯಾಡ ಅಂದಿದ್ದೆ. ಕೂಸು ಒಂದ್ಸಲ ನೋಡಾಣ ಅಂತು, ಅದಕ್ಕೇ ಕರೆಸಿದ್ದು. ಟಿಂಗ್ ಟಿಂಗ್ ಅಂತ ಕೂರೋನಿಗೆ ನನ್ನ ಮೊಮ್ಮಗಳನ್ನ ಕೊಡ್ತೀನೇನು? ಹೇಳು, ನೀನು ಗಿಟಾರಿನೋನೋ, ಸುಲಿಯೋನೋ?"

ಅಂಗಳದಲ್ಲಿ ಕತ್ತಿಗಳ ಸದ್ದು ನಿಂತಿತು. ಗುರುಬಸವರಾಜ ತಾಯಿಯನ್ನು ನೋಡಿದ, ತಾಯಿ ಆಕಾಶ ನೋಡಿದರು. ಸಣ್ಣಪ್ಪನನ್ನು ನೋಡಿದ, ಅವರು ಚೀಲ ನೋಡಿಕೊಂಡರು. ಆಮೇಲೆ ಅಡುಗೆಮನೆ ಬಾಗಿಲ ಕಡೆ ನೋಡಿದ. ಅಲ್ಲಿ ಸಂಧ್ಯಾರಾಣಿ ತಟ್ಟೆ ಹಿಡಿದು ನಿಂತಿದ್ದಳು, ಫೋಟೋಗಿಂತ ಚೆನ್ನಾಗಿದ್ದಳು. ಮೂರು ತಿಂಗಳ ಕಲಾಸೇವೆ ಆ ಕ್ಷಣವೇ ಮಣ್ಣುಪಾಲಾಯಿತು.

"ಸುಲಿಯೋನೇ ಕಣಜ್ಜಿ," ಎಂದ ಗುರುಬಸವರಾಜ. "ಗಿಟಾರು ಅಂತ ಬರೆದಿದ್ದು ನಮ್ಮಮ್ಮ."

ಉಪ್ಪಿಟ್ಟಿನ ನಂತರ, ಈಗಿನ ಪದ್ಧತಿಯಂತೆ, ಹುಡುಗ ಹುಡುಗಿ ಮಾತಾಡಲೆಂದು ಇಬ್ಬರನ್ನೂ ಮಾಳಿಗೆಗೆ ಕಳಿಸಿದರು. ಸಂಧ್ಯಾರಾಣಿ ಬಾಗಿಲು ಓರೆ ಮಾಡಿದವಳೇ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು.

"ಎಷ್ಟನೇ ಪಾಠಕ್ಕೆ ಬಂದೀರಿ?"

"ಯಾವ... ಯಾವ ಪಾಠ?"

"ಹಾಯ್ ಫ್ರೆಂಡ್ಸ್ ಪಾಠ. ನಮ್ಮ ಕಡೆ ಗಿಟಾರು ಕಲಿಯೋರೆಲ್ಲ ಅವರ ಶಿಷ್ಯರೇ ಅಲ್ವೇನ್ರಿ? ಬಯೋಡೇಟಾ ನೋಡಿ ಹೂಂ ಅಂದಿದ್ದೇ ಗಿಟಾರಿಗೆ ಕಣ್ರಿ. ಅಜ್ಜಿಗೆ ಗೊತ್ತಿಲ್ಲ." ಅವಳು ಮೂಲೆಯಲ್ಲಿದ್ದ ಚಾಪೆಯ ಸುರುಳಿ ಬಿಚ್ಚಿದಳು. ಒಳಗೊಂದು ಗಿಟಾರ್. ಅದನ್ನೆತ್ತಿ ತೊಡೆಯ ಮೇಲಿಟ್ಟು, ಮೆಲ್ಲಗೆ ನಾಲ್ಕು ಸಲ ಮೀಟಿದಳು. ಗುರುಬಸವರಾಜನ ಮೂರು ತಿಂಗಳಿನ ವೈರಿ 'ಎಫ್' ಅವಳ ಬೆರಳಡಿಯಲ್ಲಿ ಸಾಕಿದ ಬೆಕ್ಕಿನಂತೆ ಉಲಿಯಿತು.

"ದಾವಣಗೆರೆ ಹಾಸ್ಟೆಲ್‌ನಾಗೆ ಕಲಿತೆ. ನಲವತ್ತೂ ಮುಗಿಸೀನಿ. ನನ್ನ ಬೆರಳನ್ನೂ ಅಜ್ಜಿ ಮುಟ್ಟಿ ನೋಡ್ಯಾರೆ. ಮೊಮ್ಮಗಳು ಆಳುಗಳ ಜತೆ ಕೂತು ಸುಲೀತಾಳೆ ಅಂತ ಊರೆಲ್ಲ ಹೇಳ್ಕೊಂಡು ಬಂದ್ರು. ನಾನೂ ಸುಮ್ಮನಾದೆ."

"ಹಂಗಾದ್ರೆ ನಾನು ಕೆಳಗೆ ಹೋಗಿ ನಿಜ ಹೇಳಿಬಿಡ್ತೀನ್ರಿ."

"ಹೇಳ್ರಿ. ಆಮೇಲೆ ನಿಮಗೂ ಹೆಣ್ಣಿಲ್ಲ, ನಂಗೂ ಗಿಟಾರಿಲ್ಲ."

ಅವನು ಹೇಳಲಿಲ್ಲ. ಮಾಘ ಮಾಸದಲ್ಲಿ ಮದುವೆ ಆಯಿತು. ಗುರುಬಸವರಾಜನಷ್ಟು ಸುಖಿ ನ್ಯಾಮತಿಯಲ್ಲೇ ಇರಲಿಲ್ಲ, ಮುಂದಿನ ಕೊಯ್ಲಿನ ತನಕ.

ಕೊಯ್ಲು ಶುರುವಾದ ದಿನವೇ ಮಾವನ ಫೋನ್ ಬಂತು. ಸುಲಿಯಲು ಆಳು ಸಿಗುತ್ತಿಲ್ಲ, ಯಂತ್ರದಲ್ಲಿ ಹಾಕಿದರೆ ಕಾಯಿ ಒಡೆಯುತ್ತದೆ ಎಂದು ಅಜ್ಜಿ ಒಪ್ಪುತ್ತಿಲ್ಲ, ಅಳಿಯಂದಿರು ಎಂಟು ದಿನದ ಮಟ್ಟಿಗೆ ಬರಬೇಕು. ಅಂಗಡಿಗೆ ತಾಯಿಯನ್ನು ಕೂರಿಸಿ ಗಂಡ ಹೆಂಡಿರಿಬ್ಬರೂ ಕತ್ತಲಗೆರೆಗೆ ಹೋದರು. ಅಜ್ಜಿ ತಮ್ಮ ಪಕ್ಕದಲ್ಲೇ ಅವನಿಗೊಂದು ಕತ್ತಿ ಹಾಕಿಸಿದ್ದರು. ಮೊದಲ ದಿನ ಅವನು ಸುಲಿದದ್ದು ಅರ್ಧ ಬುಟ್ಟಿ ಅಡಿಕೆ ಮತ್ತು ಎರಡು ಬೆರಳು.

"ಯಾಕೋ ಕೈ ಓಡ್ತಿಲ್ಲವಲ್ಲ?" ಎಂದರು ಅಜ್ಜಿ.

"ಬಿಟ್ಟು ಭಾಳ ದಿನ ಆತಲ್ಲಜ್ಜಿ," ಎಂದ. ಮೂರನೇ ದಿನಕ್ಕೆ ಬೆನ್ನು ನೆಟ್ಟಗಾಗುವುದನ್ನೇ ಮರೆಯಿತು.

ನಾಲ್ಕನೇ ದಿನ ಮಧ್ಯಾಹ್ನ ಮಾಳಿಗೆಯಿಂದ ಇಂಪಾದ ಗಿಟಾರ್ ಕೇಳಿಬಂತು. ಅವನ ಗಿಟಾರೇ. ತನ್ನದಕ್ಕಿಂತ ಇದರ ನಾದ ಚೆನ್ನಾಗಿದೆ ಎಂದು ಸಂಧ್ಯಾರಾಣಿ ಬರುವಾಗ ಡಿಕ್ಕಿಯಲ್ಲಿ ಹಾಕಿಸಿಕೊಂಡು ಬಂದಿದ್ದಳು. ಮಂಡಿನೋವಿನ ಅಜ್ಜಿ ಮಾಳಿಗೆ ಹತ್ತಿ ವರ್ಷಗಳೇ ಆಗಿದ್ದವು. ಅವರು ಕಿವಿಗೊಟ್ಟು ತಲೆದೂಗಿದರು.

"ಮೊಬೈಲ್‌ನಾಗೆ ಹಾಡು ಹಾಕ್ಕಂಡು ಮಲಗ್ಯಾಳೆ. ಮಲಗಲಿ ಪಾಪ. ಮದುವೆಗೆ ಮುಂಚೆ ಸುಲಿದು ಸುಲಿದು ಕೂಸಿನ ಬೆರಳು ಹೆಂಗಾಗಿದ್ವು ಗೊತ್ತೇನು?" ಎಂದು ಕಣ್ಣೊರೆಸಿಕೊಂಡರು. ಆಮೇಲೆ ಪಕ್ಕದಲ್ಲಿದ್ದ ದೊಡ್ಡ ರಾಶಿಯನ್ನು ಅಳಿಯನ ಕಡೆಗೆ ತಳ್ಳಿದರು. "ತಗೋ. ಆಕಿ ಪಾಲಿಂದೂ ನೀನೇ ಸುಲಿದುಬಿಡು."