ಫ್ರಿಜ್ಜಿನ ಜಾಗದಲ್ಲಿ ಮೈಕ್ರೋಫಿಲ್ಮು

ಬೀದರದ ಮೈಲೂರಿನಲ್ಲಿರುವ ನಮ್ಮ ಸೋದರಮಾವನಿಗೆ ಹುಚ್ಚು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹುಚ್ಚಿಗೆ ನಡುನಡುವೆ ಬಿಡುವಿರುತ್ತದೆ. ಮಾಮಾಗೆ ಅದೂ ಇಲ್ಲ!

ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು. ಗ್ರಂಥಾಲಯವೊಂದು ತನ್ನ ಹಳೆಯ ಮೈಕ್ರೋಫಿಲ್ಮ್ ಯಂತ್ರವನ್ನು ಗುಜರಿಗೆ ಹಾಕಲು ಹೊರಟಾಗ, ರೀಲುಗಳ ಸಮೇತ ಅದನ್ನು ಆಟೋದಲ್ಲಿ ಹೇರಿಕೊಂಡು ಬಂದರು. ಮನೆಯಲ್ಲಿ ಜಾಗ ಎಲ್ಲಿದೆ? ಮಾಮಿಯ ಫ್ರಿಜ್ಜು ಪಡಸಾಲೆಗೆ ಬಂತು.

“ಈ ಡಬ್ಬಿಯೊಳಗ ಏನದರಿ ಅಂಥಾದ್ದು?” ಎಂದರು ಮಾಮಿ.

“ಪತ್ರಿಕೆಯ ಇಡೀ ಹಾಳಿ ಉಗುರಿನಷ್ಟು ಸಣ್ಣ ಮಾಡಿ ಫಿಲ್ಮಿನಾಗ ಇಟ್ಟಾರ. ಕಾಗದ ಗೆದ್ದಲ ತಿಂತದ, ಕಂಪ್ಯೂಟರ್ ಕೆಡ್ತದ. ಇದಕ್ಕ ಒಂದು ದೀಪ, ಒಂದು ಭೂತಗನ್ನಡಿ ಇದ್ರ ಸಾಕು.”

ಅಷ್ಟರಲ್ಲಿ ಕರೆಂಟು ಹೋಯಿತು!

ಬಂದ ಮೇಲೆ ನಾವೂ ಇಣುಕಿದೆವು. ಹಳೆಯ ವಾರಪತ್ರಿಕೆ. ಕಮಠಾಣದಲ್ಲಿ ಎಮ್ಮೆ ಕಳೆದಿದೆ ಎಂಬ ಪ್ರಕಟಣೆ. ಸಿಕ್ಕಿತೇ? ಕುತೂಹಲಕ್ಕೆ ಮುಂದಿನ ವಾರದ ಪುಟಗಳನ್ನೆಲ್ಲ ತಿರುಗಿಸಿದೆವು. ಸುದ್ದಿಯೇ ಇಲ್ಲ! ಆ ದಿನ ಮಾಮಿಗೆ ಊಟ ಸೇರಲಿಲ್ಲ.

ಭಾಲ್ಕಿಯ ಮದುವೆಯೊಂದರಲ್ಲಿ ಬೀಗರೊಬ್ಬರು, “ಈ ಊರಿಗೆ ಮೊದಲ ರೇಡಿಯೋ ತಂದಾಂವ ನಮ್ಮಜ್ಜ” ಎಂದು ಮೀಸೆ ತಿರುವಿದರು. ಮಾಮಾ ಸುಮ್ಮನಿರುತ್ತಾರೆಯೇ? ಮನೆಗೆ ಬಂದು ರೀಲು ಸುತ್ತಿ, ಫೋನು ಮಾಡಿದರು.

“ರೇಡಿಯೋ ತಂದವರು ನಿಮ್ಮ ಬಾಜೂ ಮನಿಯವರರಿ. ಸದ್ದು ಭಾಳ ಆಗ್ತದಂತ ನಿಮ್ಮಜ್ಜ ಪತ್ರಿಕೆಗೆ ತಕರಾರು ಬರದಾರ!”

ಅಂದಿನಿಂದ ಆ ಬೀಗರು ನಮ್ಮನ್ನು ಯಾವ ಕಾರ್ಯಕ್ಕೂ ಕರೆದಿಲ್ಲ. ಅವರ ಪಕ್ಕದ ಮನೆಯವರು ತಪ್ಪದೆ ಕರೆಯುತ್ತಾರೆ!

ಈ ಜಗಳದ ಸುದ್ದಿ ಔರಾದದವರೆಗೂ ಮುಟ್ಟಿತು. ಅಲ್ಲಿಂದ ಒಬ್ಬ ಮುದುಕಿ ಬಸ್ಸು ಹತ್ತಿ ಬಂದಳು.

“ನಮ್ಮಪ್ಪ ಪೈಲ್ವಾನ ಇದ್ದನರಿ. ಕುಸ್ತಿ ಗೆದ್ದಾಗ ಪೇಪರದಾಗ ಫೋಟೋ ಬಂದಿತ್ತಂತ. ನಾ ತೊಟ್ಟಿಲದಾಗ ಇದ್ದಾಗೇ ಸತ್ತ. ಅಪ್ಪನ ಮಾರೀನೇ ನೋಡಿಲ್ಲರಿ.”

ಮಾಮಾ ಚಹಾವನ್ನೂ ಮುಟ್ಟದೆ ರೀಲಿನ ಮೇಲೆ ರೀಲು ಹಾಕಿದರು. ಸಂಜೆಗೆ ಪೈಲ್ವಾನ ಸಿಕ್ಕ. ಆದರೆ ಆ ಫಿಲ್ಮಿನಲ್ಲಿ ಎಲ್ಲವೂ ತಿರುವುಮುರುವು: ಬಿಳುಪು ಕಪ್ಪಾಗಿ, ಕಪ್ಪು ಬಿಳುಪಾಗಿ ಕಾಣುತ್ತದೆ. ಹರೆಯದ ಹುಡುಗನ ಕರಿ ಮೀಸೆ ಪರದೆಯ ಮೇಲೆ ಹಾಲಿನಂತೆ ಬೆಳ್ಳಗಿತ್ತು.

ಮುದುಕಿ ಆ ಮೀಸೆಯನ್ನು ಬೆರಳಿನಿಂದ ಸವರಿದಳು.

“ನನಗಿಂತ ಸಣ್ಣಾಂವ ಇರ್ತಾನ, ಅಪ್ಪಾ ಅಂತ ಹ್ಯಾಂಗ ಕರೀಲಿ ಅಂತ ಬಸ್ಸಿನಾಗ ಅಂಜಿದ್ದೆರಿ. ನೋಡ್ರಿ, ಮೀಸಿ ಹಣ್ಣಾಗ್ಯದ. ನನಗಿಂತ ದೊಡ್ಡಾಂವೇ ಅದಾನ!”

ಫಿಲ್ಮಿನ ಗುಟ್ಟು ಬಿಡಿಸಿ ಹೇಳಲು ಹೊರಟಿದ್ದ ಮಾಮಾ ತಡೆದುಕೊಂಡರು. ಕುರ್ಚಿಯನ್ನು ಆಕೆಯ ಹತ್ತಿರಕ್ಕೆ ಎಳೆದರು.

“ಹೌದವ್ವಾ, ಭಾಳ ದೊಡ್ಡವರು ಅದಾರ. ಕೂಡ್ರಿ, ಅಪ್ಪನ ಜೋಡಿ ಆರಾಮ ಮಾತಾಡ್ರಿ.”