ಬ್ರೇಕ್ ಮೇಷ್ಟ್ರ ಸಮುದ್ರ ಹಠ

ಬ್ರೇಕ್ ಮೇಷ್ಟ್ರು ಸಮುದ್ರಯಾನಕ್ಕೆ ಹಠ ಹಿಡಿದದ್ದು ಸಮುದ್ರದ ಮೇಲಿನ ಪ್ರೀತಿಯಿಂದಲ್ಲ, ಭಾಮೈದನ ಮೇಲಿನ ಸಿಟ್ಟಿನಿಂದ. ಕನ್ನಡಕದಂಗಡಿ ಇಟ್ಟುಕೊಂಡಿದ್ದ ಆ ಭಾಮೈದ ಒಂದು ಭಾನುವಾರ ಅವರ ಮನೆಗೆ ಬಂದು, ಅವರದೇ ಕುರ್ಚಿಯಲ್ಲಿ ಕೂತು, ಅವರದೇ ಕಾಫಿ ಕುಡಿಯುತ್ತ, ತಾನು ನದಿಯ ಹಡಗಿನಲ್ಲಿ ಹೋಗಿಬಂದ ಪುರಾಣ ಬಿಚ್ಚಿದ್ದ. ಬೆಳಿಗ್ಗೆ ಕಣ್ಣು ಬಿಟ್ಟರೆ ಕಿಟಕಿಯಾಚೆ ಒಂದು ಊರಂತೆ. ಚಪ್ಪಲಿ ಮೆಟ್ಟಿ ಇಳಿದರೆ ನೇರವಾಗಿ ಪೇಟೆಬೀದಿಯಂತೆ. ಹಡಗಿನವರು ಎರಡನೇ ದಿನಕ್ಕೆಲ್ಲ ಹೆಸರು ಹಿಡಿದು ಮಾತಾಡಿಸುತ್ತಾರಂತೆ. ಇಷ್ಟನ್ನೂ ಮೇಷ್ಟ್ರು ಸಹಿಸಿಕೊಂಡರು. ಸಹಿಸಲಾಗದ ಮಾತು ಅವನು ಹೊರಡುವಾಗ ಬಂತು.

“ನೀವೂ ಅಕ್ಕನೂ ಒಂದ್ಸಲ ಹೋಗ್ಬನ್ನಿ ಭಾವ. ಆದ್ರೆ ನದಿಗೇ ಹೋಗಿ. ಸಮುದ್ರದ ದೊಡ್ಡ ಹಡಗೆಲ್ಲ ಹುಡುಗರಿಗೆ ಸರಿ, ನಮ್ಮಂಥ ವಯಸ್ಸಾದವರಿಗಲ್ಲ.”

‘ನಮ್ಮಂಥ’ ಎಂದು ತನ್ನನ್ನೂ ಸೇರಿಸಿಕೊಂಡದ್ದು ಬರೀ ಮರ್ಯಾದೆಗೆ ಎಂಬುದು ಮೇಷ್ಟ್ರಿಗೆ ಗೊತ್ತಾಗದೇ ಇರಲಿಲ್ಲ. (ಭಾಮೈದ ಅವರಿಗಿಂತ ಒಂಬತ್ತು ವರ್ಷ ಚಿಕ್ಕವನು. ತಲೆಗೂದಲು ಮಾತ್ರ ಅವರಿಗಿಂತ ಮೊದಲೇ ರಾಜೀನಾಮೆ ಕೊಟ್ಟಿತ್ತು.) ಬಾಗಿಲು ಮುಚ್ಚಿದವರೇ ಹೆಂಡತಿಯ ಕಡೆ ತಿರುಗಿ, ಹೋಗುವುದಿದ್ದರೆ ಸಮುದ್ರಕ್ಕೇ ಎಂದು ಘೋಷಿಸಿಬಿಟ್ಟರು.

ಬ್ರೇಕ್ ಮೇಷ್ಟ್ರು ಎಂಬುದು ಅವರ ವಿದ್ಯಾರ್ಥಿಗಳಿಟ್ಟ ಹೆಸರು. ಅವರದು ಡ್ರೈವಿಂಗ್ ಸ್ಕೂಲು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಬುಡದಲ್ಲಿರುವ ಎರಡನೇ ಬ್ರೇಕಿನಿಂದ ಲೋಕಕಲ್ಯಾಣ ಮಾಡುತ್ತ ಬಂದವರು. ಊರಿನ ಅರ್ಧದಷ್ಟು ಜನರ ಪ್ರಾಣ ತಮ್ಮ ಬಲಗಾಲಿನಿಂದ ಉಳಿದಿದೆ ಎಂಬುದು ಅವರ ನಂಬಿಕೆ. ಅಭ್ಯಾಸ ಎಲ್ಲಿಗೆ ಮುಟ್ಟಿತ್ತೆಂದರೆ, ಬೇರೆ ಯಾರೇ ಓಡಿಸುವ ಗಾಡಿಯಲ್ಲಿ ಕೂತರೂ ಆ ಕಾಲು ತನ್ನಷ್ಟಕ್ಕೆ ತಾನೇ ನೆಲವನ್ನು ಒತ್ತುತ್ತಿತ್ತು. ಬಸ್ಸಿನಲ್ಲೂ ಒತ್ತುತ್ತಿದ್ದರು, ರೈಲಿನಲ್ಲೂ ಒತ್ತುತ್ತಿದ್ದರು.

ಅವರ ಹೆಂಡತಿ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಮೌನವಾಗಿರಿ ಎಂಬ ಬೋರ್ಡಿನ ಕೆಳಗೇ ಆಯುಷ್ಯ ಕಳೆದದ್ದರಿಂದ ಆಕೆ ಎಂದೂ ದನಿ ಎತ್ತಿದವರಲ್ಲ. ದನಿ ಎತ್ತದೆಯೇ ಮಾತು ಗೆಲ್ಲುವುದು ಹೇಗೆ ಎಂಬುದು ಆಕೆಗೆ ಕರಗತವಾಗಿತ್ತು. ಮದುವೆಯಾದಾಗಿನಿಂದ ಅವರಿಬ್ಬರೂ ಹೋದ ಪ್ರವಾಸಗಳೆಲ್ಲ ಮೇಷ್ಟ್ರ ಕಾರಿನಲ್ಲಿ, ಮೇಷ್ಟ್ರು ಆರಿಸಿದ ದಾರಿಯಲ್ಲಿ, ಮೇಷ್ಟ್ರಿಗೆ ಹಸಿವಾದಾಗ ನಿಲ್ಲುತ್ತ ನಡೆದಿದ್ದವು. ಈಗ ನೀರಿನ ಮೇಲೆ ಹೋಗುವ ಮಾತು ಬಂದಾಗ ಆಕೆಗೆ ಒಳಗೊಳಗೇ ಹಿಗ್ಗಾಯಿತು. ನೀರಿನ ಮೇಲೆ ಎಲ್ಲಿಯಾದರೂ ಸರಿ, ಆದರೆ ನದಿಯಾದರೆ ಮೇಲು, ಇಕ್ಕೆಲದ ದಡ ನೋಡಿಕೊಂಡು ಹೋಗಬಹುದು ಎಂದರು. ಅಲ್ಲದೆ ಮೊಮ್ಮಗಳ ಜೊತೆ ಪಾರ್ಕಿನ ಜೋಕಾಲಿಯಲ್ಲಿ ಕೂತು ಇಳಿದ ಮೇಲೆ ಯಾರು ಬೆಂಚಿನ ಮೇಲೆ ಮಲಗಿದ್ದರು ಎಂಬುದನ್ನೂ ಮೆಲ್ಲಗೆ ನೆನಪಿಸಿದರು. ಅದು ಜೋಕಾಲಿಯ ಸರಪಣಿಯ ದೋಷ ಎಂದರು ಮೇಷ್ಟ್ರು.

ಮಾರನೆಯ ದಿನದಿಂದ ಸಂಶೋಧನೆ ಶುರುವಾಯಿತು. ಟ್ರಾವೆಲ್ ಆಫೀಸಿನ ಹುಡುಗಿ, ಇವರ ಬಳಿಯೇ ಕಾರು ಕಲಿತವಳು, ಗುರುಭಕ್ತಿಯಿಂದ ಹೊರಲಾರದಷ್ಟು ಕರಪತ್ರಗಳನ್ನು ಕೊಟ್ಟಳು. ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿಲ್ಲದಾಯಿತು. ಕಂಪನಿಗಳ ಹೆಸರು ನಾಲಿಗೆಗೆ ಹೊರಳದ ಕಾರಣ ಮೇಷ್ಟ್ರು ಅವುಗಳನ್ನು ಬಣ್ಣದಿಂದ ಗುರುತಿಸಿದರು. ನೀಲಿ ಕಂಪನಿಯವರ ಟಿಕೆಟ್ಟು ಅಗ್ಗ, ಆದರೆ ಹತ್ತಿದ ಮೇಲೆ ಕುಡಿಯುವ ಸೋಡಾದಿಂದ ಹಿಡಿದು ಇಂಟರ್ನೆಟ್‌ವರೆಗೆ ಎಲ್ಲಕ್ಕೂ ಬೇರೆ ಬಿಲ್ಲು. (ಉಸಿರಾಟ ಮಾತ್ರ ಉಚಿತ, ಅದೂ ಡೆಕ್ಕಿನ ಮೇಲೆ.) ಕೆಂಪು ಕಂಪನಿಯದು ಹಡಗಲ್ಲ, ತೇಲುವ ಜಾತ್ರೆ: ಜಾರುಬಂಡೆ, ಗೋಡೆ ಹತ್ತುವ ಆಟ, ಹಗಲೂರಾತ್ರಿ ಡೋಲು. ಚಿನ್ನದ ಬಣ್ಣದವರು ಒಮ್ಮೆ ದುಡ್ಡು ಕಟ್ಟಿಸಿಕೊಂಡರೆ ಮತ್ತೆ ಕೈ ಚಾಚುವುದಿಲ್ಲ, ಆದರೆ ರಾತ್ರಿ ಊಟಕ್ಕೆ ಸೂಟು ಹಾಕಿಕೊಂಡೇ ಬರಬೇಕು. ಹಸಿರು ಕಂಪನಿಯವರು ಮಕ್ಕಳನ್ನು ಹತ್ತಿಸುವುದಿಲ್ಲ, ಗಲಾಟೆ ಇಲ್ಲ, ಬಾಲ್ಕನಿಯಿರುವ ಕೋಣೆಗಳೇ ಹೆಚ್ಚು. ಮೇಷ್ಟ್ರ ಕೃಪಾಕಟಾಕ್ಷ ಹಸಿರಿನ ಮೇಲೆ ಬಿತ್ತು.

ನದಿ ಕಂಪನಿಗಳನ್ನು ಅವರು ಓದಿದ್ದು ಬೈಯುವುದಕ್ಕೆಂದೇ. ಹಡಗು ಉದ್ದಕ್ಕೆ ಬಸ್ಸಿನ ಹಾಗೆ, ಅಗಲಕ್ಕೂ ಬಸ್ಸಿನ ಹಾಗೆ ಎಂದರು. ನೀರು ಇಳಿದುಹೋದರೆ ಪ್ರಯಾಣಿಕರನ್ನು ಇಳಿಸಿ ನಿಜವಾಗಿಯೂ ಬಸ್ಸಿನಲ್ಲೇ ಕರೆದೊಯ್ಯುತ್ತಾರೆ ಎಂಬ ಸಣ್ಣಕ್ಷರದ ಸಾಲು ಸಿಕ್ಕಿದ ದಿನವಂತೂ ಅವರಿಗೆ ನಿಧಿ ಸಿಕ್ಕ ಹಾಗಾಯಿತು. ಅದನ್ನು ಹೆಂಡತಿಗೆ ಓದಿ ಹೇಳಿದರು, ಹಾಲಿನವನಿಗೆ ಹೇಳಿದರು, ರಿವರ್ಸ್ ಕಲಿಯುತ್ತಿದ್ದ ಒಬ್ಬ ದಂತವೈದ್ಯರಿಗೂ ಹೇಳಿದರು. ಆ ವೈದ್ಯರು ಕೇಳುತ್ತ ಕೇಳುತ್ತ ಕಂಬಕ್ಕೆ ಗುದ್ದಿದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಸಾಧಿಸುವುದರಲ್ಲಿ ಮೇಷ್ಟ್ರು ಎಷ್ಟು ಮುಳುಗಿದ್ದರೆಂದರೆ, ಅಂದು ಬ್ರೇಕ್ ಒತ್ತಲೂ ಮರೆತಿದ್ದರು.

ಕೊನೆಗೆ ಹೆಂಡತಿಯ ಬಾಯಿ ಮುಚ್ಚಿಸಲು ಅವರೇ ಒಂದು ಪರೀಕ್ಷೆ ಸೂಚಿಸಿದರು. ಬಂದರಿನಿಂದ ದೀಪಸ್ತಂಭದ ನಡುಗಡ್ಡೆಗೆ ದಿನಾ ಒಂದು ದೋಣಿ ಹೋಗಿಬರುತ್ತಿತ್ತು. ಅದರಲ್ಲಿ ಹೋಗಿ, ಹೂವಿನ ಹಾಗೆ ಹಿಂತಿರುಗಿ, ತಮ್ಮ ಹೊಟ್ಟೆಯ ಸಾಮರ್ಥ್ಯವನ್ನು ಸಾಬೀತು ಮಾಡುವುದಾಗಿ ಸಾರಿದರು. ಹೆಂಡತಿ ಒಂದು ಪುಸ್ತಕ ಕೈಯಲ್ಲಿ ಹಿಡಿದು ಜೊತೆಗೆ ಹೊರಟರು.

ಆಕೆ ಒಳಗೆ ಬೆಂಚಿನ ಮೇಲೆ ಕೂತು ಓದತೊಡಗಿದರು. ಮೇಷ್ಟ್ರು ದೋಣಿಯ ಮೂತಿಯಲ್ಲಿ ನಿಂತು ಎದೆಯುಬ್ಬಿಸಿ ದಿಗಂತವನ್ನು ದಿಟ್ಟಿಸಿದರು. ಬಂದರಿನ ಒಳಗಿರುವಷ್ಟು ಹೊತ್ತೂ ಅವರು ಸಪ್ತಸಾಗರಗಳ ಚಕ್ರವರ್ತಿಯೇ. ಅಲೆ ತಡೆಯುವ ಕಲ್ಲುಗೋಡೆ ದಾಟಿ ಹೊರಗೆ ಹೋದದ್ದೇ ತಡ, ದೋಣಿ ಒಮ್ಮೆ ಮೇಲಕ್ಕೆ ಹೋಯಿತು, ಯೋಚಿಸಿತು, ಕೆಳಕ್ಕೆ ಬಂತು. ಮೇಷ್ಟ್ರ ಬಲಗಾಲು ಬ್ರೇಕ್ ಒತ್ತಿತು. ದೋಣಿ ಮತ್ತೆ ಮೇಲಕ್ಕೆ ಹೋಯಿತು. ಇನ್ನೂ ಜೋರಾಗಿ ಒತ್ತಿದರು. ಸಮುದ್ರ ಅವರ ಶಿಷ್ಯನಾಗಿರಲಿಲ್ಲ. ಆಮೇಲೆ ಅವರು ಗಾಂಭೀರ್ಯದಿಂದಲೇ ನಡೆದು ದೋಣಿಯ ಹಿಂಭಾಗಕ್ಕೆ ಹೋಗಿ, ಹಗ್ಗದ ರಾಶಿಯ ಮರೆಯಲ್ಲಿ ಕಟಕಟೆ ಹಿಡಿದು ಬಗ್ಗಿದರು. ಅಲ್ಲಿ ಅವರು ಬೆಳಗಿನ ತಿಂಡಿಯನ್ನೂ, ಅದರ ಹಿಂದೆಯೇ ಮೂಗಿನ ಮೇಲಿದ್ದ ಕನ್ನಡಕವನ್ನೂ ಸಮುದ್ರಕ್ಕೆ ಅರ್ಪಿಸಿದರು.

ಮುಖ ತೊಳೆದುಕೊಂಡು ಒಳಗೆ ಬಂದು, ಹೊರಗೆ ಗಾಳಿ ಬಹಳ ಚೆನ್ನಾಗಿದೆ ಎಂದರು. ಹೆಂಡತಿ ಪುಟದಿಂದ ಕಣ್ಣೆತ್ತದೆ ಕರವಸ್ತ್ರ ಚಾಚಿದರು. ಕನ್ನಡಕ ಎಲ್ಲಿ ಎಂದು ಕೇಳಿದಾಗ, ಗಾಳಿಗೆ ಹಾರಿಹೋಯಿತು ಎಂದರು. ಜಟ್ಟಿ ಕೆಳಗೆ ಬಿದ್ದಿದ್ದ. ಮೀಸೆ ಮಾತ್ರ, ಸದ್ಯ, ಕರವಸ್ತ್ರದಿಂದ ಒರೆಸಿಯಾಗಿತ್ತು.

ಹೊಸ ಕನ್ನಡಕಕ್ಕೆ ಭಾಮೈದನ ಅಂಗಡಿಗೇ ಹೋಗಬೇಕಾಯಿತು. ಗಾಳಿಯ ಕಥೆಯನ್ನು ಅವನು ಬಹಳ ಶ್ರದ್ಧೆಯಿಂದ ಕೇಳಿದ.

“ಗಾಳಿಗೆ ಕನ್ನಡಕ ಹೋಗ್ಬೇಕಾದ್ರೆ ಭಾವ,” ಎಂದ, ಹೊಸ ಫ್ರೇಮನ್ನು ಅವರ ಕಿವಿಗೆ ಸಿಕ್ಕಿಸುತ್ತ, “ಮುಖ ಕೆಳಗೆ ನೀರಿನ ಕಡೆ ಇರ್ಬೇಕು.”

ಅಂದಿನಿಂದ ಮೇಷ್ಟ್ರ ಮನಸ್ಸು ಸದ್ದಿಲ್ಲದೆ ನದಿಯ ಕಡೆ ಹರಿಯಿತು. ಯಾರೂ ಇಲ್ಲದಾಗ ನದಿ ಕಂಪನಿಗಳ ಕರಪತ್ರ ತೆಗೆದು ನೋಡುತ್ತಿದ್ದರು. ಎಂಥ ಸಾಧು ನೀರು. ಎಂಥ ಸಜ್ಜನರಂಥ ದಡಗಳು. ಆದರೆ ಊರಿಗೆಲ್ಲ ಸಾರಿಯಾಗಿದೆ, ಹಾಲಿನವನೂ ದಿನಾ ಸಮುದ್ರ ಯಾವಾಗ ಎಂದು ಕೇಳುತ್ತಿದ್ದಾನೆ. ಒಂದೇ ದಾರಿ ಉಳಿದಿತ್ತು. ನದಿಯೇ ಆಗಲಿ ಎಂದು ಹೆಂಡತಿ ಇನ್ನೊಮ್ಮೆ ಹೇಳಲಿ, ತಾವು ಸ್ವಲ್ಪ ಹೊತ್ತು ಗುರುಗುಟ್ಟಿ, ಪತ್ನೀಪ್ರೇಮದ ಹೆಸರಲ್ಲಿ ಒಪ್ಪಿಕೊಳ್ಳುವುದು. ಅದಕ್ಕಾಗಿ ಕಾದರು. ನದಿಯ ಕರಪತ್ರವನ್ನು ಆಕೆಯ ಚಹಾದ ಲೋಟದ ಕೆಳಗೆ ಇಟ್ಟು ನೋಡಿದರು. ನಿನ್ನ ಮಾತಿನಲ್ಲೂ ಅರ್ಥವಿದೆ ಎಂದು ಎರಡು ಸಲ, ಯಾರೂ ಕೇಳದಿದ್ದರೂ, ಹೇಳಿ ನೋಡಿದರು.

ಒಂದು ಸಂಜೆ ಅಡುಗೆಮನೆಯಲ್ಲಿ, ಇಬ್ಬರೂ ತೊಳೆದ ತಟ್ಟೆಗಳನ್ನು ಒರೆಸಿಡುತ್ತಿದ್ದಾಗ, ಹೆಂಡತಿಯೇ ಮಾತು ತೆಗೆದರು. ಮೇಷ್ಟ್ರು ಔದಾರ್ಯದ ಮುಖ ಮಾಡಿಕೊಂಡು ಸಿದ್ಧರಾದರು.

“ನೀವು ಹೇಳಿದ್ದೇ ಸರಿ ಕಣ್ರೀ,” ಎಂದರು ಆಕೆ. “ಎಲ್ಲಾ ಓದಿ ನೋಡಿದೆ. ಹಸಿರು ಕಂಪನಿ ಹಡಗಲ್ಲಿ ಒಂದು ಲೈಬ್ರರಿ ಇದೆಯಂತೆ, ಕಿಟಕಿ ತುಂಬಾ ಸಮುದ್ರ. ಎರಡು ಕಡೆ ದಡ ನೋಡ್ಕೊಂಡು ಹೋಗೋದು ದಿನಾ ರಸ್ತೆ ನೋಡ್ದ ಹಾಗೇನೇ. ದಡಾನೇ ಇಲ್ಲದ್ದು ಒಂದ್ಸಲ ನೋಡ್ಬೇಕು ನಾನು.”

ಮೇಷ್ಟ್ರ ಕೈಯಲ್ಲಿದ್ದ ತಟ್ಟೆ ಎರಡನೇ ಸಲ ಒರೆಸಿಕೊಂಡಿತು. ನದಿಯಲ್ಲೂ ಒಂದು ಸೊಗಸಿದೆ ಎಂದು ತಡವರಿಸಿದರು. ನೀರು ಇಳಿದರೆ ಬಸ್ಸಲ್ಲವೇ ಎಂದರು ಹೆಂಡತಿ. ನದಿಯ ಹಡಗು ಚಿಕ್ಕದು, ಆತ್ಮೀಯವಾದದ್ದು ಎಂದರು. ಉದ್ದಕ್ಕೂ ಅಗಲಕ್ಕೂ ಬಸ್ಸಿನ ಹಾಗೆ ಅಂದದ್ದು ಯಾರು ಎಂದರು ಹೆಂಡತಿ. ವಾರಗಟ್ಟಲೆ ಮೇಷ್ಟ್ರು ಮಸೆದಿಟ್ಟ ಬಾಣಗಳೆಲ್ಲ ಒಂದೊಂದಾಗಿ ತಿರುಗಿ ಬಂದವು.

ಆಮೇಲೆ ಆಕೆ ತಟ್ಟೆಯನ್ನು ಕೆಳಗಿಟ್ಟು, ಗಂಡನ ಮುಖವನ್ನು ನೇರವಾಗಿ ನೋಡಿದರು. ಆ ನೋಟದಲ್ಲಿ ಹಗ್ಗದ ರಾಶಿಯೂ ಕರವಸ್ತ್ರವೂ ಎಲ್ಲವೂ ಇದ್ದವು, ಆದರೆ ಗೇಲಿ ಇರಲಿಲ್ಲ.

“ನಿಮಗೆ ಆಗಲ್ಲ ಅಂದ್ರೆ ಹೇಳ್ಬಿಡಿ. ನದಿಗೇ ಹೋಗೋಣ, ನಂಗೇನೂ ಬೇಜಾರಿಲ್ಲ. ‘ಸಮುದ್ರ ನನ್ನ ಕೈಲಾಗಲ್ಲ’ ಅಂತ ಒಂದು ಮಾತು ಹೇಳಿ, ಸಾಕು.”

ಒಂದೇ ಒಂದು ಮಾತು. ಅದು ಮೇಷ್ಟ್ರ ಗಂಟಲಿನವರೆಗೆ ಬಂದು ಬಿಸಿತುಪ್ಪದ ಹಾಗೆ ನಿಂತಿತು. ಹೆಂಡತಿ ಕಾದರು. ಮೇಷ್ಟ್ರು ಬಾಯಿ ತೆರೆದರು.

“ಬಾಲ್ಕನಿ ಇರೋ ರೂಮೇ ತಗೋ,” ಎಂದರು.

ಹೀಗೆ, ಬದುಕಿನಲ್ಲಿ ಮೊದಲ ಬಾರಿಗೆ ಹೆಂಡತಿಯೊಡನೆ ವಾದದಲ್ಲಿ ಪೂರ್ತಿ ಗೆದ್ದು, ಮೇಷ್ಟ್ರು ಸೀದಾ ಔಷಧದ ಅಂಗಡಿಗೆ ಹೋದರು. ಹಡಗಿನಲ್ಲಿ ಹೊಟ್ಟೆ ತೊಳಸದಿರಲು ಮಾತ್ರೆ ಕೇಳಿದರು. (ಸ್ನೇಹಿತರೊಬ್ಬರಿಗೆ ಬೇಕಂತೆ, ಪಾಪ.) ಸ್ವಲ್ಪ ಮಂಪರು ಬರಬಹುದು ಎಂದ ಅಂಗಡಿಯವನು. ಆ ಸ್ನೇಹಿತರು ಗಟ್ಟಿಗರು ಎಂದರು ಮೇಷ್ಟ್ರು.

ಹೊರಡುವ ದಿನ ಬಂದರಿನ ಸರದಿಯಲ್ಲಿ ನಿಂತಾಗಲೇ ಒಂದು ಮಾತ್ರೆ ನುಂಗಿದರು. ಹಡಗಿನ ಗಾತ್ರ ನೋಡಿ, ಇದಕ್ಕೆ ಒಂದು ಸಾಲದೆಂದು ಇನ್ನೊಂದು ನುಂಗಿದರು. ಕೋಣೆಗೆ ಹೋಗಿ, ಬಾಲ್ಕನಿಯ ಕುರ್ಚಿಯಲ್ಲಿ ಕೂತು, ಬರಲಿರುವ ಅಲೆಗಳಿಗೆ ಸವಾಲೆಸೆಯುವ ಭಂಗಿಯಲ್ಲಿ ಕಾಲು ನೀಡಿದರು.

ಆ ಸಲ ಸಮುದ್ರ ತಟ್ಟೆಯಲ್ಲಿ ಹಾಲು ಹಾಕಿಟ್ಟ ಹಾಗಿತ್ತು. ಇಷ್ಟು ಶಾಂತವಾದ ನೀರನ್ನು ತಾವೂ ಅಪರೂಪಕ್ಕೆ ನೋಡುವುದು ಎಂದು ಹಡಗಿನ ಅಧಿಕಾರಿಗಳೇ ಹೇಳುತ್ತಿದ್ದರು. ಹೆಂಡತಿ ಬೆಳಿಗ್ಗೆ ಎದ್ದು ದಡವಿಲ್ಲದ ನೀರಿನ ಮೇಲೆ ಸೂರ್ಯ ಹುಟ್ಟುವುದನ್ನು ನೋಡಿದರು. ಲೈಬ್ರರಿಯ ಕಿಟಕಿಯ ಬಳಿ ಕೂತು, ಪುಸ್ತಕ ತೆರೆದೇ ಇಟ್ಟು, ಒಂದು ಸಾಲೂ ಓದದೆ ಹೊರಗೆ ನೋಡುತ್ತ ಒಂದು ಇಡೀ ಮಧ್ಯಾಹ್ನ ಕಳೆದರು. ಹಡಗಿನ ಪಕ್ಕದಲ್ಲೇ ಡಾಲ್ಫಿನ್‌ಗಳು ಹಿಂಡುಹಿಂಡಾಗಿ ನೆಗೆದಾಗ ಕೋಣೆಗೆ ಓಡಿಬಂದು ಗಂಡನ ಭುಜ ಅಲ್ಲಾಡಿಸಿದರು. ಮೇಷ್ಟ್ರು ಅರ್ಧ ಕಣ್ಣು ತೆರೆದು, ಕ್ಲಚ್ ಬಿಡಬೇಡ ಎಂದು ಆ ಕಡೆ ಹೊರಳಿದರು. ಊಟದ ಹೊತ್ತಿಗೆ ಎದ್ದು ಬರುತ್ತಿದ್ದರು, ತಿನ್ನುತ್ತಿದ್ದರು, ಹೊಟ್ಟೆ ಇಷ್ಟು ಗಟ್ಟಿಯಾಗಿರುವುದು ಮಾತ್ರೆಯ ಪ್ರಭಾವವೆಂದು ಮತ್ತೊಂದು ನುಂಗಿ ಹೋಗಿ ಮಲಗುತ್ತಿದ್ದರು. ಮಾತ್ರೆ ನಿಲ್ಲಿಸಿ, ಸಮುದ್ರ ಅಲ್ಲಾಡುತ್ತಲೇ ಇಲ್ಲ ಎಂದು ಹೆಂಡತಿ ಹೇಳಿದಾಗ, ಅಲೆಗಳು ಹೊಂಚು ಹಾಕುತ್ತವೆ, ನಿನಗೆ ತಿಳಿಯದು ಎಂದರು.

ಕೊನೆಗೊಂದು ಬೆಳಿಗ್ಗೆ ಮಾತ್ರೆ ಮುಗಿದದ್ದರಿಂದ ಮೇಷ್ಟ್ರಿಗೆ ಪೂರ್ತಿ ಎಚ್ಚರವಾಯಿತು. ಮೈ ಹಗುರ, ತಲೆ ತಿಳಿ. ಹುರುಪಿನಿಂದ ಬಾಲ್ಕನಿಗೆ ಹೋಗಿ ನೋಡಿದರೆ ಕ್ರೇನುಗಳು, ಗೋದಾಮುಗಳು, ಸಾಲುಗಟ್ಟಿ ನಿಂತ ಟ್ಯಾಕ್ಸಿಗಳು. ಅದೇ ಬಂದರು.

“ಇಷ್ಟು ಹೊತ್ತಾದ್ರೂ ಹೊರಟೇ ಇಲ್ವಲ್ಲ,” ಎಂದರು ಅಸಮಾಧಾನದಿಂದ.

“ಹೋಗಿ ಬಂದಾಯ್ತು,” ಎಂದರು ಹೆಂಡತಿ, ಸೂಟ್‌ಕೇಸಿನ ಜಿಪ್ ಎಳೆಯುತ್ತ.

ಹೋದ ಪುಟ್ಟ, ಬಂದ ಪುಟ್ಟ. ಮೇಷ್ಟ್ರು ಹಡಗಿಳಿದರು. ಭಾಮೈದ ತನ್ನ ಕಾರು ತಂದು ಕಾಯುತ್ತಿದ್ದ. ಸಾಮಾನು ತುಂಬುವಾಗಲೇ ಭಾವನ ಮುಖವನ್ನು ಪರೀಕ್ಷಿಸಿದ. ಚೆನ್ನಾಗಿ ನಿದ್ದೆಯಾಗಿದ್ದ ಆ ಮುಖ ಹತ್ತು ವರ್ಷ ಚಿಕ್ಕದಾಗಿ ಹೊಳೆಯುತ್ತಿತ್ತು. ಅವನಿಗೆ ನಿರಾಸೆಯಾಯಿತು. ದಾರಿಯಲ್ಲಿ, ಅಲೆಗಳು ಹೇಗಿದ್ದವು ಎಂದು ವಿಚಾರಿಸಿದ. ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ ಎಂದು ಮೇಷ್ಟ್ರು ಗಡ್ಡ ಕೆರೆದುಕೊಂಡರು. ಹಿಂದಿನ ಸೀಟಿನಿಂದ ಹೆಂಡತಿ, ನಿನ್ನ ಭಾವ ಒಂದು ಅಲೆಗೂ ಜಗ್ಗಲಿಲ್ಲ ಎಂದು ಸಾಕ್ಷಿ ನುಡಿದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಭಾಮೈದ ಸೋತ. ತಗ್ಗಿದ ದನಿಯಲ್ಲಿ, ನಾನು ನದಿಗೆ ಹೋದದ್ದೇ ತಪ್ಪಾಯಿತೇನೋ, ಬರುವ ವರ್ಷ ನಾವೂ ನಿಮ್ಮ ಜೊತೆ ಸಮುದ್ರಕ್ಕೇ ಬರುತ್ತೇವೆ ಎಂದ. ಮೇಷ್ಟ್ರ ಎದೆ ಉಬ್ಬಿತು. ಇಷ್ಟು ದಿನ ಕಾದಿದ್ದು ಈ ಕ್ಷಣಕ್ಕೇ.

“ಬನ್ನಿ, ಬನ್ನಿ, ಎಲ್ಲರೂ ಬನ್ನಿ,” ಎಂದರು ದೊಡ್ಡ ಮನಸ್ಸು ಮಾಡಿ. “ನಾನೂ ಒಂದ್ಸಲ ಸಮುದ್ರ ನೋಡಿದ ಹಾಗಾಗುತ್ತೆ.”

ಹಿಂದಿನ ಸೀಟಿನಲ್ಲಿ ಗ್ರಂಥಪಾಲಕಿ ನಕ್ಕರು. ಅಷ್ಟು ಜೋರಾಗಿ ಆಕೆ ನಕ್ಕದ್ದನ್ನು ಅವರ ತಮ್ಮನೂ ಕೇಳಿರಲಿಲ್ಲ. ನಗುವಿನ ನಡುವೆ ಮಾತ್ರೆ, ಮಂಪರು, ಡಾಲ್ಫಿನ್ನು, ಕ್ಲಚ್ಚು ಎಲ್ಲವೂ ಒಂದೊಂದಾಗಿ ಹೊರಬಂದವು. “ನದಿ ಬೇಡ ಅಂತ ನಿದ್ದೆಗೆ ಹೋಗಿದ್ರಾ ಭಾವ,” ಎಂದ ಭಾಮೈದನಿಗೆ ಕಣ್ಣೀರು ಬಂದು ರಸ್ತೆಯೇ ಕಾಣದಾಯಿತು. ಕಾರನ್ನು ಅಲ್ಲೇ ಪಕ್ಕಕ್ಕೆ ತಂದು ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದ.

ಮೇಷ್ಟ್ರು ತಲೆ ತಗ್ಗಿಸಲಿಲ್ಲ. ಕತ್ತು ನೆಟ್ಟಗೆ ಮಾಡಿಕೊಂಡು ಗಾಜಿನಾಚೆ ನೇರವಾಗಿ ನೋಡುತ್ತಿದ್ದರು.

“ಗಾಡಿ ನಿಲ್ಸೋ ಮುಂಚೆ ಇಂಡಿಕೇಟರ್ ಹಾಕ್ಬೇಕು,” ಎಂದರು. “ಅಷ್ಟೂ ಗೊತ್ತಿಲ್ಲ ನಿಂಗೆ.”