ಬೀಜಕ್ಕೆ ಬಿಟ್ಟ ಮೆಣಸಿನಕಾಯಿ

ಮೆಣಸಿನ ಗಿಡಕ್ಕೆ ಕಟ್ಟಿದ್ದ ಚೀಟಿಯಲ್ಲಿ ಹೆಂಡತಿ ಬರೆದಿದ್ದದ್ದು ಎರಡೇ ಮಾತು: 'ಇದು ಬೀಜಕ್ಕೆ ಬಿಟ್ಟದ್ದು. ಮುಟ್ಟಬೇಡಿ'. ಎರಡನೆಯ ಮಾತಿನ ಕೊನೆಗೆ ಪೂರ್ಣವಿರಾಮ ಇರಲಿಲ್ಲ. ಅವನು ಜೇಬಿನಿಂದ ಕೆಂಪು ಪೆನ್ನು ತೆಗೆದು ಒಂದು ಚುಕ್ಕೆ ಇಟ್ಟ. ಸಮಾಧಾನವಾಯಿತು. ಆಮೇಲೆ ಗಿಡದಲ್ಲಿದ್ದ ಒಂದೇ ಒಂದು ಹಣ್ಣು ಮೆಣಸಿನಕಾಯಿಯನ್ನು ಕಿತ್ತ, ಪಕ್ಕದ ಕುಂಡದಿಂದ ನಾಲ್ಕು ಎಳೆ ಕೊತ್ತಂಬರಿ ಚಿವುಟಿದ, ಒಳಗೆ ಹೋಗಿ ಎರಡನ್ನೂ ಹೆಚ್ಚಿ ಮೊಟ್ಟೆಗೆ ಹಾಕಿ ಹುರಿದು ತಿಂದ.

ಇಪ್ಪತ್ತೆರಡು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನ ಕಣ್ಣೇ ಹಾಗೆ. ಅಕ್ಷರ ಕಾಣುತ್ತದೆ, ಅಲ್ಪವಿರಾಮ ಕಾಣುತ್ತದೆ. ಅರ್ಥ ಮಾತ್ರ ಪ್ಯಾಸೆಂಜರ್ ರೈಲಿನ ಹಾಗೆ ನಿಧಾನವಾಗಿ ಹಿಂದಿನಿಂದ ಬರುತ್ತದೆ. ಈ ಸಲ ಅದು ಬಂದು ಸೇರಿದಾಗ ಅವನು ತಟ್ಟೆ ತೊಳೆಯುತ್ತಿದ್ದ.

ಆ ಗಿಡ ಬರೀ ಗಿಡವಾಗಿರಲಿಲ್ಲ. ಅವನ ಅಮ್ಮ ನಲವತ್ತು ವರ್ಷದಿಂದ ಬೀಜ ಉಳಿಸಿಕೊಂಡು ಬಂದ ತಳಿ ಅದು. ಕಾಯಿ ಗಿಡ್ಡ, ಮೂತಿ ಡೊಂಕು, ಒಂದು ಹಾಕಿದರೆ ಇಡೀ ಪಾತ್ರೆಗೆ ಖಾರ. ಪ್ರತಿ ವರ್ಷ ಒಂದು ಕಾಯನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು, ಅದನ್ನು ತನ್ನ ಕೈಯಾರೆ ಬಿಡಿಸಿ ಒಣಗಿಸುವುದು ಅಮ್ಮನ ಪದ್ಧತಿ. ಈ ವರ್ಷ ಅಮ್ಮನ ಗಿಡಗಳೆಲ್ಲ ಎಲೆ ಮುರುಟಿ ಸತ್ತಿದ್ದವು. ಉಳಿದದ್ದು ಮಗನ ಬಾಲ್ಕನಿಯ ಈ ಒಂದು ಗಿಡ, ಅದರಲ್ಲಿ ಆ ಒಂದು ಹಣ್ಣು. ಅಮ್ಮನನ್ನು ಕರೆತರಲು ಹೆಂಡತಿ ಎರಡು ದಿನದ ಹಿಂದೆ ಹೋಗಿದ್ದಳು. ಇಬ್ಬರೂ ಇವತ್ತು ಸಂಜೆ ಐದಕ್ಕೆ ಬರುವವರಿದ್ದರು.

ಬೀಜವಾದರೂ ಉಳಿದಿದೆಯೇ ಎಂದು ಕಸದ ಬುಟ್ಟಿಯ ಮುಂದೆ ಮಂಡಿಯೂರಿ ಕೆದಕಿದ. ಅವನು ಬೀಜಸಮೇತ ಹೆಚ್ಚಿದ್ದ. ಸಿಕ್ಕಿದ್ದು ತೊಟ್ಟು ಮಾತ್ರ, ಅದಕ್ಕೊಂದು ಬಿಳಿ ಎಳೆ ಸುತ್ತಿಕೊಂಡಿತ್ತು. ಜೇಡನ ಬಲೆಯಿರಬೇಕು ಅಂದುಕೊಂಡ. ಇನ್ನೊಂದು ವಿಷಯ ಅವನಿಗೆ ಅರ್ಥವಾಗಲಿಲ್ಲ. ಆ ಕಾಯಿ ತಿಂದು ಅವನ ಅಪ್ಪ ಊಟದ ನಡುವೆ ಎದ್ದು ನಡೆದಾಡುತ್ತಿದ್ದರು. ಇವತ್ತು ಇವನ ಮೂಗಿನಲ್ಲಿ ಒಂದು ಹನಿಯೂ ಇರಲಿಲ್ಲ. ವಯಸ್ಸಾಗಿ ನಾಲಿಗೆ ಜಡವಾಯಿತೋ ಏನೋ.

ಎದುರುಮನೆಯ ನಿವೃತ್ತ ಮೇಷ್ಟ್ರಿಗೆ ಬೇರೆಯವರ ಮನೆಯ ಬಾಗಿಲು ತೆರೆದಿದ್ದರೆ ಒಳಗೆ ನೋಡುವುದು ಕರ್ತವ್ಯ. ಏನು ಕಳೆದುಹೋಯಿತು ಎಂದು ಕೇಳುತ್ತ ಒಳಗೆ ಬಂದರು, ಎಲ್ಲ ಕೇಳಿಸಿಕೊಂಡರು, ಕೂತರು, ಟೀ ಕುಡಿದರು, ನಂತರ ಇದು ಒಬ್ಬರಿಂದ ಆಗುವ ಕೆಲಸವಲ್ಲ ಎಂದು ಕೆಳಗಿನ ಮಹಡಿಯ ಟೇಲರನ್ನು ಕರೆಸಿದರು. ಟೇಲರ್ ಬರಿದಾದ ಕೊಂಬೆಯನ್ನು ಅಂಗಿಯ ತೋಳಿನಂತೆ ಎತ್ತಿ ನೋಡಿದ.

"ಗುಂಡಿ ಕಿತ್ತುಹೋದ ಹಾಗೇ ಅಲ್ವಾ ಸಾರ್. ಬೇರೆ ಗುಂಡಿ ತನ್ನಿ, ಹಾಕಿಕೊಡ್ತೀನಿ."

ದಾರ ಕಣ್ಣಿಗೆ ಕಾಣುತ್ತದೆ, ಗೋಂದೇ ಸರಿ ಎಂದರು ಮೇಷ್ಟ್ರು. ಗೋಂದು ಬಿಸಿಲಿಗೆ ಬಿಡುತ್ತದೆ ಎಂದ ಟೇಲರ್. ಆಪರೇಷನ್ನಿಗೆ ಮುಂಚೆ ಇಬ್ಬರು ಡಾಕ್ಟರು ರೋಗಿಯ ತಲೆಯ ಮೇಲೆ ಮಾತಾಡಿಕೊಳ್ಳುವ ಹಾಗಿತ್ತು. ರೋಗಿ ತಾನೋ ಗಿಡವೋ ತಿಳಿಯದೆ ಅವನು ಚೀಲ ಹಿಡಿದು ಮಾರ್ಕೆಟ್ಟಿಗೆ ಹೊರಟ.

ಮಾರ್ಕೆಟ್ಟಿನಲ್ಲಿ ಮೆಣಸಿನ ರಾಶಿಯ ಮುಂದೆ ಕೂತು ಒಂದೊಂದನ್ನೇ ಕಣ್ಣಿನ ಹತ್ತಿರ ಹಿಡಿದು ನೋಡಿದ. ಇದು ಉದ್ದ, ಅದು ನೇರ, ಇನ್ನೊಂದರ ಡೊಂಕು ಎಡಕ್ಕೆ. ಅಮ್ಮನ ಕಾಯಿಯ ಡೊಂಕು ಯಾವ ಕಡೆಗಿತ್ತು? ದಿನಾ ನೋಡಿದ್ದ, ಗಮನಿಸಿರಲಿಲ್ಲ. ಅರ್ಧ ಗಂಟೆಯ ಮೇಲೆ ಒಂದನ್ನು ಆರಿಸಿ ಕೊಟ್ಟಾಗ ತರಕಾರಿಯವಳು ಅದನ್ನು ನೋಡಿದಳು, ಅವನನ್ನು ನೋಡಿದಳು.

"ಒಂದೇ ಒಂದಾ? ಹೊತ್ಕೊಂಡು ಹೋಗೋಕೆ ಜನ ಬೇಕೇನಣ್ಣ?"

ನಾಚಿಕೆಯಿಂದ ಹಣೆ ಒರೆಸಿಕೊಂಡ, ಜೊತೆಗೆ ಕಣ್ಣನ್ನೂ. ಅಷ್ಟು ಹೊತ್ತು ಮೆಣಸಿನಕಾಯಿ ತಿರುವಿದ ಕೈ. ಅಲ್ಲಿಂದ ಮನೆಯವರೆಗೆ ಅವನು ಅಳುತ್ತ ಬಂದ. ದಾರಿಯಲ್ಲಿ ಸಿಕ್ಕ ಇಬ್ಬರು ಧೈರ್ಯ ತಂದುಕೊಳ್ಳಿ ಎಂದು ಹೇಳಿ ಮುಂದೆ ಹೋದರು.

ಮೆಟ್ಟಿಲು ಹತ್ತುವಾಗ ಹೆಂಡತಿಯ ಫೋನ್ ಬಂತು.

"ಗಿಡ ಹೇಗಿದೆ ರೀ?"

"ಚೆನ್ನಾಗಿದೆ."

"ಅದು?"

"ಅದೂ."

"ಮುಟ್ಟಿಲ್ಲ ತಾನೆ?"

"ಇಲ್ಲ."

ಬಸ್ಸಿನ ಸದ್ದು ಕೇಳಿಸುತ್ತಿತ್ತು.

"ಹತ್ತಿರಾನೂ ಹೋಗ್ಬೇಡಿ. ನೀರು ದೂರದಿಂದಲೇ ಹಾಕಿ. ಅಲ್ಲಿ ಗಾಳಿ ಏನಾದ್ರೂ ಇದೆಯಾ?"

ಗಾಳಿ ಇಲ್ಲವೆಂದ. ಮೆಣಸಿನಕಾಯಿಗೂ ಗಾಳಿಗೂ ಏನು ಸಂಬಂಧವೆಂದು ಅವನಿಗೆ ತಿಳಿಯಲಿಲ್ಲ. ಹಾಗೆ ನೋಡಿದರೆ ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಕೇಳಿದ ಎಷ್ಟೋ ಪ್ರಶ್ನೆಗಳು ಅವನಿಗೆ ಅರ್ಥವಾಗಿರಲಿಲ್ಲ.

ಟೇಲರ್ ಹಸಿರು ದಾರದಿಂದ ಕಾಯಿಯ ತೊಟ್ಟನ್ನು ಕೊಂಬೆಗೆ ಸೇರಿಸಿ ಮೂರು ಗಂಟು ಹಾಕಿದ. ನಿಜಕ್ಕೂ ಚೆನ್ನಾಗಿತ್ತು. ಅವನು ಕಣ್ಣು ತೊಳೆದು ಬರಲು ಬಚ್ಚಲಿಗೆ ಹೋದ. ವಾಪಸು ಬಂದಾಗ ಗಿಡದಲ್ಲಿ ಎರಡು ಕಾಯಿಗಳಿದ್ದವು.

ಕಣ್ಣುರಿಗೆ ಎರಡೆರಡು ಕಾಣುತ್ತಿರಬೇಕೆಂದು ಒಂದು ಕಣ್ಣು ಮುಚ್ಚಿ ನೋಡಿದ. ಆಗಲೂ ಎರಡೇ. ಮೇಷ್ಟ್ರು ಹಿಂದೆ ನಿಂತು ಕೆಮ್ಮಿದರು. ದಾರ ಬಿಚ್ಚಿಕೊಂಡರೆ ಇನ್ನೊಂದಿರಲಿ ಎಂದು ತಮ್ಮ ಮನೆಯಿಂದ ಒಂದನ್ನು ತಂದು ಗೋಂದಿನಿಂದ ಅಂಟಿಸಿದ್ದಾಗಿ ಶಾಂತವಾಗಿ ತಿಳಿಸಿದರು. ಟೇಲರ್ ಮುಖ ತಿರುಗಿಸಿದ. ಕಣ್ಣುರಿಯಲ್ಲೇ ಅವನು ಮೇಷ್ಟ್ರ ಕಾಯನ್ನು ಎಳೆದ. ಗೋಂದು ಗಟ್ಟಿಯಾಗಿತ್ತು, ಗಿಡ ಗಟ್ಟಿಯಾಗಿರಲಿಲ್ಲ. ಕಾಯಿಯ ಜೊತೆ ಎರಡು ಎಲೆಯೂ ಕಿತ್ತು ಬಂದವು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆದುಕೊಂಡಿತು. ಐದಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಎಲ್ಲವನ್ನೂ ಜೇಬಿಗೆ ತುರುಕಿಕೊಂಡು ಹೋಗಿ ಬಾಗಿಲು ತೆರೆದ.

ಅಮ್ಮ ಕೂರಲಿಲ್ಲ, ನೀರು ಕುಡಿಯಲಿಲ್ಲ. ಕೈಚೀಲ ಸೊಸೆಗೆ ಕೊಟ್ಟು ನೇರ ಬಾಲ್ಕನಿಗೆ ನಡೆದಳು. ಮೇಷ್ಟ್ರೂ ಟೇಲರೂ ಗೋಡೆಗೆ ಅಂಟಿ ದಾರಿ ಬಿಟ್ಟರು. ಹೆಂಡತಿಯ ಮುಖ ಸುಣ್ಣದಂತಾಗಿತ್ತು. ಪ್ರಯಾಣದ ಆಯಾಸ ಅಂದುಕೊಂಡ.

ಅಮ್ಮ ಕನ್ನಡಕ ಹಾಕಿಕೊಂಡು, ಸೆರಗಿನ ತುದಿಗೆ ಕೈ ಒರೆಸಿ, ಎರಡು ಬೆರಳಲ್ಲಿ ಕಾಯನ್ನು ಹಿಡಿದು ಮೆಲ್ಲಗೆ ತಿರುವಿದಳು. ಕಾಯಿ ಬಂತು. ಅದರ ಹಿಂದೆ ಹಸಿರು ದಾರ ಬಂತು, ಇನ್ನೂ ಬಂತು. ಟೇಲರ್ ಕೊನೆ ಕತ್ತರಿಸುವುದನ್ನು ಮರೆತಿದ್ದ.

"ಗಿಡಗಳು ಯಾವಾಗಿಂದ ಹೊಲಿಗೆ ಕಲಿತ್ವು?" ಅಂದಳು ಅಮ್ಮ.

ಟೇಲರಿಗೆ ಯಾರದೋ ಪ್ಯಾಂಟು ನೆನಪಾಯಿತು. ಮೇಷ್ಟ್ರಿಗೆ ಮಾತ್ರೆಯ ಹೊತ್ತಾಯಿತು. ಅವರು ಹೋದ ಮೇಲೆ ಅವನು ಎಲ್ಲ ಹೇಳಿದ: ಮೊಟ್ಟೆ, ಮಾರ್ಕೆಟ್ಟು, ದಾರ. ಬಯ್ದರೆ ಸಾಕಪ್ಪ ಎಂದು ಕಾದ. ಅಮ್ಮ ಬಯ್ಯಲಿಲ್ಲ. ಬರಿದಾದ ಆ ಕೊಂಬೆಯನ್ನೇ ನೋಡುತ್ತ ಸ್ಟೂಲಿನ ಮೇಲೆ ಕೂತಳು. ನಲವತ್ತು ವರ್ಷ ಆ ಕೈಗಳು ಬೀಜ ಆರಿಸಿದ್ದನ್ನು ಅವನು ಚಿಕ್ಕವನಿದ್ದಾಗಿನಿಂದ ನೋಡಿದ್ದ. ಈಗ ಅವು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಅವನು ಮತ್ತೆ ಕಣ್ಣು ಒರೆಸಿಕೊಂಡ, ಈ ಸಲ ಮೆಣಸಿನಕಾಯಿಯಿಂದಲ್ಲ.

ತುಂಬ ಹೊತ್ತಾದ ಮೇಲೆ ಅಮ್ಮ ಬಾಗಿ, ಎಲೆಗಳನ್ನು ಒಂದೊಂದಾಗಿ ಸರಿಸಿ, ಬುಡದ ಹತ್ತಿರ ಕಣ್ಣು ನೆಟ್ಟಳು. ಅಲ್ಲಿ ಒಂದು ಎಲೆಯ ಹಿಂದೆ ಜೋಳದ ಕಾಳಿನಷ್ಟು ಹಸಿರು ಹೀಚುಕಾಯಿ.

"ಹಣ್ಣಾಗೋಕೆ ಎರಡು ತಿಂಗಳು ಬೇಕು," ಅಂದಳು. "ಅಲ್ಲಿವರೆಗೆ ನಾನು ಇಲ್ಲೇ ಇರ್ತೀನಿ. ಬಾಲ್ಕನಿ ಪಕ್ಕದ ರೂಮಲ್ಲಿ ನನ್ನ ಹಾಸಿಗೆ ಹಾಕು. ನೀನು ಈ ಬಾಗಿಲು ದಾಟಬೇಡ."

ಬಾಲ್ಕನಿ ಪಕ್ಕದ ರೂಮು ಅವನದು. ತನ್ನ ದಿಂಬು ಎತ್ತಿಕೊಂಡು ಅಡುಗೆಮನೆಗೆ ಬಂದ. ಹೆಂಡತಿ ಒಲೆಯ ಕಡೆಗೆ ಮುಖ ಮಾಡಿ ನಿಂತಿದ್ದಳು.

"ನೀವು ತಿಂದದ್ದು ಖಾರ ಇತ್ತಾ?" ತಿರುಗದೆ ಕೇಳಿದಳು.

"ಇರಲಿಲ್ಲ."

"ತೊಟ್ಟಲ್ಲಿ ಬಿಳಿ ದಾರ ಇತ್ತಾ?"

ಅವನು ದಿಂಬು ಹಿಡಿದು ನಿಂತೇ ಇದ್ದ. ರೈಲು ನಿಧಾನವಾಗಿ ಸ್ಟೇಷನ್ನಿಗೆ ಬರುತ್ತಿತ್ತು.

ಹೊರಡುವ ದಿನ ಬೆಳಿಗ್ಗೆ, ಬಸ್ಸಿಗೆ ಹೊತ್ತಾಯಿತೆಂಬ ಗಡಿಬಿಡಿಯಲ್ಲಿ, ಫೋನಿನಲ್ಲಿ ಅತ್ತೆಯ ಜೊತೆ ಮಾತಾಡುತ್ತಲೇ ಅವಳು ಆ ಹಣ್ಣನ್ನು ಕಿತ್ತು ಬಾಣಲೆಗೆ ಹಾಕಿದ್ದಳು. ಅಂಗಡಿಯಿಂದ ಒಂದು ತಂದು ಬಿಳಿ ದಾರದಲ್ಲಿ ಕಟ್ಟಿ, ಮೇಲೊಂದು ಚೀಟಿಯನ್ನೂ ಕಟ್ಟಿ ಹೋಗಿದ್ದಳು. ಇಷ್ಟನ್ನು ಅವಳು ಒಲೆಗೇ ಹೇಳಿದಳು.

"ಮತ್ತೆ ಆಗ ಯಾಕೆ ಹೇಳಲಿಲ್ಲ?"

"ಹೇಳೋಣ ಅಂತಲೇ ಇದ್ದೆ. ನೀವೇ ಮೊದಲು ಶುರು ಮಾಡಿದ್ರಿ."

ಅವನು ಬಾಲ್ಕನಿಯ ಕಡೆ ತಿರುಗಿದ.

"ಹೋಗಿ ಹೇಳಿ," ಅಂದಳು ಅವಳು. "ನಿಮ್ಮೊಬ್ಬರಿಗೇ ಎರಡು ತಿಂಗಳು ಕಾವಲು. ಇಬ್ಬರೂ ಅಂತ ಗೊತ್ತಾದ್ರೆ ಅತ್ತೆ ವಾಪಸು ಹೋಗೋದೇ ಇಲ್ಲ."

ಅವನು ನಿಂತ. ಅಷ್ಟರಲ್ಲಿ ಬಾಲ್ಕನಿಯಿಂದ ಅಮ್ಮನ ದನಿ ಬಂತು.

"ಲೋ, ಈ ಚೀಟೀಲಿ ಕೆಂಪು ಚುಕ್ಕೆ ಇಟ್ಟಿದ್ದು ಯಾರು?"

ಹೆಂಡತಿ ಬಾಣಲೆಯಲ್ಲಿ ಏನೂ ಇಲ್ಲದಿದ್ದರೂ ಕೈಯಾಡಿಸತೊಡಗಿದಳು.

"ನಾನೇ ಅಮ್ಮ."

"ಅಂದ್ರೆ ಓದಿ, ತಿದ್ದಿ, ಆಮೇಲೆ ಕಿತ್ತೆ?"

"ಹೂಂ," ಅಂದ ಅವನು.